ನದೀಮೂಲ, ಮನೆಮೂಲ

ನದಿಯ ಮೂಲವನ್ನೂ ಋಷಿಯ ಮೂಲವನ್ನೂ ಹುಡುಕಬಾರದೆಂದು ಹಿರಿಯರು ಹೇಳುತ್ತ ಬಂದಿರುವರು. ಇವೆರಡರ ಜೊತೆಗೆ ಸ್ತ್ರೀಮೂಲವೆಂಬ ಮೂರನೆಯದನ್ನೂ ಸೇರಿಸಿ ಹೇಳುವವರುಂಟು. ಆದರೆ ಕೊಡಗಿನವರು ಈ ಮಾತಿನ ಮೊದಲನೆಯ ಭಾಗವನ್ನು ಎಂದೂ ಪಾಲಿಸಿದವರಲ್ಲ. ಪ್ರತಿವರ್ಷವೂ ತುಲಾ ಸಂಕ್ರಮಣದಂದು, ಅಂದರೆ ಅಕ್ಟೋಬರ್ ತಿಂಗಳ ನಡುವಿನಲ್ಲಿ, ಅವರು ಬ್ರಹ್ಮಗಿರಿಯ ಮಗ್ಗುಲಲ್ಲಿರುವ ತಲಕಾವೇರಿಗೆ ಹೋಗಿ, ನದಿ ಹುಟ್ಟುವ ಕುಂಡಿಕೆಯ ಬಳಿಯಲ್ಲೇ ನಿಂತು, ತೀರ್ಥವನ್ನು ಪಡೆದು ಮನೆಗೆ ತರುವರು. ನದಿಯ ಮೂಲವನ್ನು ಕಂಡುದರಿಂದ ಅವರಿಗೆ ಕೇಡೇನೂ ಆದಂತೆ ಕಾಣುವುದಿಲ್ಲ. ಮನೆಯ ಮೂಲವನ್ನು ಹುಡುಕಿದರೆ ಏನಾಗುವುದೆಂಬುದನ್ನು ಕಳೆದ ವರ್ಷ ನಾವು ಸ್ವತಃ ನೋಡಿ ಬಂದೆವು. ಆ ಸಂಗತಿಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ಅಜ್ಜನವರು ನೌಕರಿಯ ಸಲುವಾಗಿ ಕೊಡಗನ್ನು ಬಿಟ್ಟು ಮೈಸೂರಿಗೆ ಬಂದು ನೆಲೆಸಿದವರು. ಊರಿನಿಂದ ಅವರು ತಂದ ವಸ್ತುಗಳಲ್ಲಿ ಇಂದಿಗೂ ಉಳಿದಿರುವುದು ಎರಡೇ: ಒಂದು ಪೀಚೆಕತ್ತಿ, ಮತ್ತೊಂದು ರಟ್ಟು ಕಟ್ಟಿದ ಉದ್ದನೆಯ ಲೆಕ್ಕದ ಪುಸ್ತಕ. ಆ ಪುಸ್ತಕದಲ್ಲಿ ಲೆಕ್ಕವಿಲ್ಲ. ನಮ್ಮ ಒಕ್ಕದ ವಂಶಾವಳಿಯನ್ನು ಅವರು ತಮ್ಮ ಕೈಯಿಂದಲೇ ಮುತ್ತಿನಂಥ ಅಕ್ಷರಗಳಲ್ಲಿ ಬರೆದಿಟ್ಟಿದ್ದರು. ಒಂದು ದಿನ ನಮಗೆ ಕೊಡಗಿನಿಂದ ಕಾಗದ ಬಂದಿತು. ಬರೆದವರು ನಮ್ಮ ಅಜ್ಜನ ಅಣ್ಣನ ಮೊಮ್ಮಗ. ವರಸೆಯಲ್ಲಿ ನಮಗೆ ಅಣ್ಣನಾಗಬೇಕು. ಒಕ್ಕದ ವಂಶಾವಳಿಯನ್ನು ಅಚ್ಚು ಹಾಕಿಸಬೇಕೆಂದು ಹಿರಿಯರು ನಿಶ್ಚಯಿಸಿರುವರೆಂದೂ, ಅದರ ಮೂಲಪ್ರತಿ ನಮ್ಮಲ್ಲಿರುವುದರಿಂದ ಪುಸ್ತಕದೊಡನೆ ಬರಬೇಕೆಂದೂ ಅವರು ಬರೆದಿದ್ದರು. ಕೊನೆಯಲ್ಲಿ ಒಂದು ಸಾಲು: “ಕೆಳಗಿನ ಮನೆಯವರ ವಿಷಯದಲ್ಲಿ ಸ್ವಲ್ಪ ತೊಡಕು ಬಂದಿದೆ; ನೀವು ದೂರದಲ್ಲಿರುವವರು, ನಿಮ್ಮ ಮಾತನ್ನು ಇಬ್ಬರೂ ಕೇಳುವರು.”

ಸಂಕ್ರಮಣಕ್ಕೆ ಇನ್ನೂ ಹದಿನೈದು ದಿನಗಳಿರುವಾಗ ಹೊರಟೆವು. ಹುಣಸೂರು, ಪಿರಿಯಾಪಟ್ಟಣಗಳನ್ನು ದಾಟಿ, ಕುಶಾಲನಗರದಲ್ಲಿ ಕಾವೇರಿಯನ್ನು ಕಂಡು, ಅಲ್ಲಿಂದ ಬೆಟ್ಟವನ್ನೇರಿ ಮಡಿಕೇರಿಯನ್ನು ಸೇರಿದಾಗ ಮಂಜು ಇಳಿಯುತ್ತಿತ್ತು. ಕೊಡಗಿಗೆ ಇಂದಿಗೂ ರೈಲಿಲ್ಲ. ಆದುದರಿಂದ ಅಲ್ಲಿಗೆ ಹೋಗುವವನು ತಿರುವು ತಿರುವಿಗೂ ನಿಧಾನವಾಗಿಯೇ ಹೋಗಬೇಕು. ಹಳೆಯದನ್ನು ಹುಡುಕಹೊರಟವನಿಗೆ ಅದು ಒಳ್ಳೆಯ ಅಭ್ಯಾಸವೇ ಸರಿ.

ಮಡಿಕೇರಿಯಲ್ಲಿ ಒಂದು ದಿನ ನಿಂತು ಗದ್ದಿಗೆಯನ್ನು ನೋಡಿದೆವು. ಹಾಲೇರಿ ವಂಶದ ದೊಡ್ಡ ವೀರರಾಜೇಂದ್ರ, ಲಿಂಗರಾಜೇಂದ್ರರ ಸಮಾಧಿಗಳು ಅಲ್ಲಿವೆ. ಅವುಗಳ ಬಳಿಯಲ್ಲೇ ಬಿದ್ದಂಡ ಬೋಪು, ಬಿದ್ದಂಡ ಸೋಮಯ್ಯ ಎಂಬ ತಂದೆಮಕ್ಕಳ ಸಮಾಧಿಗಳೂ ಇವೆ. ಇವರು ಅರಸರ ಅಧಿಕಾರಿಗಳಾಗಿದ್ದವರು. ಕೊಡವರ ಹೆಸರಿನ ರೀತಿಯನ್ನು ತಿಳಿಯದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಅವರಲ್ಲಿ ಮೊದಲು ಒಕ್ಕದ ಹೆಸರು, ಅನಂತರ ವ್ಯಕ್ತಿಯ ಹೆಸರು. ಬಿದ್ದಂಡ, ನಡಿಕೇರಿಯಂಡ, ಚೆಪ್ಪುಡಿರ, ಕೊಡಂದೇರ ಎಂಬ ಹೆಸರುಗಳ ಕೊನೆಯಲ್ಲಿರುವುದು ‘ಇಂಥವನ’, ‘ಇಂಥವರ’ ಎಂಬ ಷಷ್ಠಿಯ ಪ್ರತ್ಯಯ. ಅಂದರೆ ಮನುಷ್ಯನು ತಾನು ಯಾರೆಂದು ಹೇಳುವುದಕ್ಕೆ ಮೊದಲು ತಾನು ಯಾರವನೆಂದು ಹೇಳಬೇಕು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರೂ ಜನರಲ್ ತಿಮ್ಮಯ್ಯನವರೂ ಕೊಡಂದೇರ ಒಕ್ಕದವರೇ. ಒಂದೇ ಒಕ್ಕದೊಳಗೆ ಮದುವೆ ಸಲ್ಲದು. ಆದುದರಿಂದ ವಂಶವನ್ನು ನೆನಪಿಟ್ಟುಕೊಳ್ಳುವುದು ಇಲ್ಲಿ ಹೆಮ್ಮೆಯ ಮಾತು ಮಾತ್ರವಲ್ಲ, ಸಂಸಾರ ನಡೆಸುವುದಕ್ಕೆ ಬೇಕಾದ ತಿಳಿವಳಿಕೆ.

ಅರಸರ ಚರಿತ್ರೆಗೆ ಕೊಡಗಿನಲ್ಲಿ ಆಧಾರಗಳು ಸಾಕಷ್ಟಿವೆ. ಬಿಳಿಯೂರು, ಪೆಗ್ಗೂರುಗಳಲ್ಲಿ ಗಂಗರ ಕಾಲದ ಶಾಸನಗಳು ದೊರೆತಿವೆ. ಇವನ್ನು ಲೂಯಿ ರೈಸ್ ೧೮೮೬ರಲ್ಲಿ ಅಚ್ಚಾದ ತನ್ನ ಕೊಡಗಿನ ಶಾಸನಸಂಪುಟದಲ್ಲಿ ಸೇರಿಸಿದನು. ದೊಡ್ಡ ವೀರರಾಜೇಂದ್ರನು ‘ರಾಜೇಂದ್ರನಾಮೆ’ ಎಂಬ ಗ್ರಂಥವನ್ನು ಕನ್ನಡದಲ್ಲಿ ಬರೆಯಿಸಿ, ೧೬೩೩ರಿಂದ ೧೮೦೭ರ ವರೆಗಿನ ತನ್ನ ವಂಶದ ವೃತ್ತಾಂತವನ್ನು ಅದರಲ್ಲಿ ನಿಲ್ಲಿಸಿದನು. ೧೮೩೪ರಲ್ಲಿ ಚಿಕ್ಕ ವೀರರಾಜೇಂದ್ರನು ಪದಚ್ಯುತನಾಗಿ ರಾಜ್ಯವು ಕಂಪೆನಿಯ ವಶವಾದ ಮೇಲೂ ಆತನ ಮಗಳು ಗೌರಮ್ಮನ ಕಥೆ ಇಂಗ್ಲೆಂಡಿನ ದಾಖಲೆಗಳಲ್ಲಿ ಮುಂದುವರಿಯಿತು. ೧೮೫೨ರಲ್ಲಿ ವಿಕ್ಟೋರಿಯಾ ರಾಣಿಯ ಎದುರಿನಲ್ಲಿ ಆಕೆಗೆ ಜ್ಞಾನಸ್ನಾನವಾದುದೂ, ೧೮೬೪ರಲ್ಲಿ ಆಕೆ ತೀರಿಹೋದುದೂ ಎಲ್ಲರಿಗೂ ತಿಳಿದಿದೆ. ಆದರೆ ಗದ್ದೆಯ ಅಂಚಿನಲ್ಲಿ ಹುಟ್ಟಿ ಗದ್ದೆಯ ಅಂಚಿನಲ್ಲೇ ಸತ್ತ ಹೆಂಗಸಿನ ಹೆಸರನ್ನು ಯಾವ ಕಲ್ಲಿನಲ್ಲಿ, ಯಾವ ನಾಮೆಯಲ್ಲಿ ಹುಡುಕುವುದು? ಗದ್ದಿಗೆಯಿಂದ ಹಿಂದಿರುಗುವಾಗ ಈ ಪ್ರಶ್ನೆ ನಮಗೆ ಸುಮ್ಮನೆ ಹೊಳೆದಿತ್ತು. ಅದೇ ನಮ್ಮ ಕೆಲಸದ ಗಂಟಾಗುವುದೆಂದು ಆಗ ತಿಳಿದಿರಲಿಲ್ಲ.

ಮರುದಿನ ನಾಪೋಕ್ಲು ಸೀಮೆಯಲ್ಲಿರುವ ನಮ್ಮ ಐನ್‌ಮನೆಗೆ ಹೋದೆವು. ಬದುಕಿರುವವರ ಮನೆಯ ಮಾತಾದುದರಿಂದ ಒಕ್ಕದ ಹೆಸರನ್ನೂ ಗ್ರಾಮದ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಎರಡು ಕಡೆಯೂ ಮಣ್ಣಿನ ಬರೆಯಿರುವ, ಬಳುಕುತ್ತ ಹೋಗುವ ಓಣಿ; ಅದರ ಕೊನೆಯಲ್ಲಿ ಅಂಗಳ; ಅಂಗಳದ ಮೇಲೆ ಜಗಲಿ, ಕಂಬಗಳ ನಡುವೆ ಕೂರಲು ಹಾಸಿದ ದಪ್ಪ ಹಲಗೆಗಳ ಐಮರ. ಒಳಗೆ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುದೀಪ. ನೈರುತ್ಯ ಮೂಲೆಯಲ್ಲಿ ಹಿರಿಯರಿಗೆ ಮೀಸಲಾದ ಕನ್ನಿಕೊಂಬರೆ. ಹೊರಗೆ ಸ್ವಲ್ಪ ದೂರದಲ್ಲಿ ಮೂಲಪುರುಷನಾದ ಕಾರಣವನ ಕೈಮಡ. ಗದ್ದೆಯಲ್ಲಿ ಭತ್ತ ತೆನೆಯೊಡೆಯುತ್ತಿತ್ತು. ತೋಟದಲ್ಲಿ ಕಾಫಿಯ ಕಾಯಿ ಇನ್ನೂ ಹಸುರಾಗಿತ್ತು. ನಾವು ಹಿರಿಯರ ಕಾಲನ್ನು ಮೂರು ಸಲ ಮುಟ್ಟಿ ಹಣೆಗೊತ್ತಿಕೊಂಡು, ದೀಪದ ಮುಂದೆ ನಿಂತೆವು. ಮೂರು ತಲೆಮಾರು ಬೇರೆ ಊರಿನಲ್ಲಿ ಬಾಳಿದವರಿಗೂ ಅಲ್ಲಿ ಯಾರೂ ‘ನೀವು ಯಾರು’ ಎಂದು ಕೇಳಲಿಲ್ಲ.

ಊಟವಾದ ಮೇಲೆ ಅಣ್ಣನವರು ತೊಡಕನ್ನು ವಿವರಿಸಿದರು. ಐನ್‌ಮನೆಯ ಕೆಳಗೆ, ತೊರೆಯ ಆಚೆ, ನಮ್ಮದೇ ಒಕ್ಕದ ಹೆಸರಿನ ಒಂದು ಸಂಸಾರವಿದೆ. ಅವರು ಪುತ್ತರಿಗೆ ಇದೇ ಮನೆಗೆ ಬರುವರು, ಇದೇ ಕೈಮಡದಲ್ಲಿ ಕಾರಣವರಿಗೆ ಎಡೆಯಿಡುವರು. ಆದರೆ ಅಜ್ಜನವರ ಪುಸ್ತಕದಲ್ಲಿ ಅವರ ಕವಲು ಯಾವ ಕೊಂಬೆಗೂ ಸೇರದೆ, ಕೊನೆಯ ಪುಟದಲ್ಲಿ ‘ಕೆಳಗಿನ ಮನೆ’ ಎಂಬ ತಲೆಬರಹದ ಕೆಳಗೆ ತಾನೇ ತಾನಾಗಿ ನಿಂತಿದೆ. ಅವರು ಹೇಳುವುದು: “ನಮ್ಮ ಮುತ್ತಜ್ಜಿ ಈ ಮನೆಯ ಹಿರಿಯ ಪಟ್ಟೆದಾರರ ಮಗಳು.” ಪುಸ್ತಕದಲ್ಲಿ ಆ ಪಟ್ಟೆದಾರರ ಹೆಸರಿನ ಮುಂದೆ ಬರೆದಿರುವುದು: ‘ಸಂತಾನವಿಲ್ಲ’. ಅವರು ಎಲ್ಲಿಂದಲೋ ಬಂದು ಸೇರಿಕೊಂಡವರೆಂದು ಕಿರಿಯರಲ್ಲಿ ಕೆಲವರು ಆಡಿಕೊಂಡುದುಂಟು. ಅಚ್ಚಾಗುವ ಪುಸ್ತಕದಲ್ಲಿ ಅವರನ್ನು ಅನುಬಂಧದಲ್ಲಿ ಹಾಕೋಣವೆಂದು ಯಾರೋ ಸೂಚಿಸಿದರು. ಕೆಳಗಿನ ಮನೆಯ ಹಿರಿಯರು ನಿವೃತ್ತ ಉಪಾಧ್ಯಾಯರು, ಮೃದುಭಾಷಿಗಳು. ಅವರು ಹೇಳಿದುದಿಷ್ಟೇ: “ಅನುಬಂಧದಲ್ಲಾದರೆ ನಮ್ಮ ಹೆಸರೇ ಬೇಡ. ಈ ಸಲದ ಪುತ್ತರಿಗೆ ದೀಪವನ್ನು ನಮ್ಮ ಮನೆಯಲ್ಲೇ ಹಚ್ಚಿಕೊಳ್ಳುತ್ತೇವೆ.”

ಒಂದು ಒಕ್ಕ ಎರಡಾಗುವುದೆಂದರೇನೆಂದು ಕೊಡಗಿನವರಿಗೆ ಹೇಳಬೇಕಾದುದಿಲ್ಲ. ಮಿಕ್ಕವರಿಗಾಗಿ ಹೇಳುವೆವು: ದೀಪ ಬೇರೆಯಾದರೆ ಹಿರಿಯರೂ ಬೇರೆಯಾದಂತೆ.

ನಾವು ಕಾಗದಗಳಿಂದ ಮೊದಲು ಮಾಡಿದೆವು. ಕೊಡಗಿನಲ್ಲಿ ಇದಕ್ಕೆ ಒಂದು ಅನುಕೂಲವಿದೆ, ಅದೇ ಜಮ್ಮ. ಹಿಂದಿನ ಅರಸರು ಸೈನ್ಯಸೇವೆ ಮೊದಲಾದ ಊಳಿಗಕ್ಕೆ ಪ್ರತಿಯಾಗಿ ಒಕ್ಕಗಳಿಗೆ ವಂಶಪಾರಂಪರ್ಯವಾಗಿ ಭೂಮಿಯನ್ನು ಕೊಡುತ್ತಿದ್ದರು. ಕಂಪೆನಿಯ ಆಳ್ವಿಕೆಯಲ್ಲೂ ಈ ಪದ್ಧತಿ ಉಳಿಯಿತು. ನೂರು ಭಟ್ಟಿ ಗದ್ದೆಗೆ ಸಾಗು ಭೂಮಿಯವರು ೧೦ ರೂಪಾಯಿ ಕಂದಾಯ ತೆರುತ್ತಿದ್ದರೆ ಜಮ್ಮದವರು ೫ ರೂಪಾಯಿ ತೆರುತ್ತಿದ್ದರು. ಜಮ್ಮವನ್ನು ಮಾರುವಂತಿರಲಿಲ್ಲ, ಗದ್ದೆಯ ಜೊತೆಗೆ ಸೊಪ್ಪು, ಸೌದೆ, ಮೇವುಗಳಿಗಾಗಿ ಬಾಣೆಯೂ ಸೇರಿರುತ್ತಿತ್ತು. ಲಿಂಗರಾಜನು ೧೮೧೧ರಿಂದ ೧೮೨೦ರ ವರೆಗೆ ಆಳಿದ ಕಾಲದಲ್ಲಿ ಭೂಮಿಯನ್ನು ಅಳೆಯಿಸಿ ಶಿಸ್ತಿನ ಲೆಕ್ಕಗಳನ್ನು ಬರೆಯಿಸಿದನು. ೧೮೯೯ರಲ್ಲಿ ಕೊಡಗಿಗೆಂದೇ ಭೂಕಂದಾಯದ ನಿಬಂಧನೆ ಬಂದಿತು. ಹೀಗೆ ಭೂಮಿ ಒಂದೇ ಒಕ್ಕದಲ್ಲಿ ನಿಂತುದರಿಂದ ಅದರ ಕಾಗದಗಳಲ್ಲಿ ತಲೆಮಾರುಗಳ ಹೆಸರೂ ನಿಂತಿವೆ. ಆದರೆ ಈ ಕಾಗದಗಳಿಗೊಂದು ಸ್ವಭಾವವುಂಟು: ಅವು ಭೂಮಿಯನ್ನು ಹಿಡಿದವನನ್ನು ಬಲ್ಲವು, ದೀಪವನ್ನು ಹಚ್ಚಿದವಳನ್ನು ಅರಿಯವು.

ಮತ್ತೊಂದು ಕಷ್ಟವನ್ನೂ ಹೇಳಬೇಕು. ಕೊಡಗಿನ ಅನೇಕ ಒಕ್ಕಗಳ ವಂಶಾವಳಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಡಿದುಹೋಗುವುದು. ೧೭೮೫ರಲ್ಲಿ ಟೀಪು ಸುಲ್ತಾನನ ಸೈನ್ಯವು ಸಂಸಾರ ಸಂಸಾರಗಳನ್ನೇ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಿತು. ಸೆರೆಯಾದವರ ಸಂಖ್ಯೆಯಲ್ಲಿ ಚರಿತ್ರಕಾರರಿಗೆ ಒಮ್ಮತವಿಲ್ಲ. ೧೭೯೨ರ ಯುದ್ಧಕಾಲದಲ್ಲಿ ತಪ್ಪಿಸಿಕೊಂಡು ಬಂದವರು ಬಂದರು. ಬಾರದವರ ಮನೆಗಳು ಹಾಳಾದವು. ಸೆರೆಯಲ್ಲಿ ಮತಾಂತರಗೊಂಡು ಹಿಂದಿರುಗಿದವರ ಸಂತತಿಯವರು ಇಂದಿಗೂ ವಿರಾಜಪೇಟೆಯ ಕಡೆ ಕೊಡವ ಮಾಪಿಳ್ಳೆ, ಜಮ್ಮ ಮಾಪಿಳ್ಳೆಗಳೆಂದು ಕರೆಯಿಸಿಕೊಂಡು, ಪೂರ್ವದ ಒಕ್ಕದ ಹೆಸರನ್ನು ಉಳಿಸಿಕೊಂಡಿರುವರು. ದೇವರು ಬದಲಾದರೂ ಮನೆಯ ಹೆಸರನ್ನು ಬಿಡದ ಆ ಜನರನ್ನು ನೆನೆದಾಗ, ತೊರೆಯ ಆಚೆಗಿರುವ ದಾಯಾದಿಗಳನ್ನು ಅನುಬಂಧಕ್ಕೆ ತಳ್ಳುವುದು ನಮಗೆ ಇನ್ನೂ ಕಹಿಯಾಗಿ ತೋರಿತು.

ಮನೆಯ ಸಂದೂಕದಲ್ಲಿ ಹಳೆಯ ಕಂದಾಯದ ರಸೀದಿಗಳೂ ಪಟ್ಟೆಯ ನಕಲುಗಳೂ ಇದ್ದವು. ಕೆಲವು ಗೆದ್ದಲಿನ ಬಾಯಿಗೆ ಬಿದ್ದಿದ್ದವು. ಎರಡು ದಿನ ಕುಳಿತು ಓದಿದ ಮೇಲೆ ಒಂದು ಸಂಗತಿ ಕಂಡಿತು. ‘ಸಂತಾನವಿಲ್ಲದ’ ಆ ಪಟ್ಟೆದಾರರು ತೀರಿಕೊಂಡ ಮೇಲೆ, ತೊರೆಯ ಆಚೆಯ ಗದ್ದೆಯ ರಸೀದಿಗಳಲ್ಲಿ ಒಬ್ಬ ಹುಡುಗನ ಹೆಸರು ಬರುವುದು. ಒಕ್ಕದ ಹೆಸರು ನಮ್ಮದೇ. ಅವನು ಯಾರ ಮಗನೆಂಬುದು ಯಾವ ಕಾಗದದಲ್ಲಿಯೂ ಇರಲಿಲ್ಲ. ಕಾಗದವು ನಮ್ಮನ್ನು ಬಾಗಿಲಿನ ತನಕ ತಂದು ಬಿಟ್ಟಿತು. ಒಳಗೆ ಕರೆಯುವವರು ಬೇರೆ ಬೇಕಾಗಿತ್ತು.

ಕೊಡವರ ಪ್ರತಿಯೊಂದು ಒಕ್ಕಕ್ಕೂ ‘ಅರುವ’ನೆಂಬ ಸ್ನೇಹದ ಒಕ್ಕವೊಂದುಂಟು. ಮದುವೆಯಲ್ಲಿ, ಸಾವಿನಲ್ಲಿ, ಮನೆಯ ಪರವಾಗಿ ನಿಂತು ಮಾತನಾಡುವವನು ಅರುವ. ಮದುವೆಯ ದಿನ ಎರಡು ಕಡೆಯ ಅರುವರೂ ಎದುರೆದುರಾಗಿ ನಿಂತು, ವಧುವಿಗೆ ಹೊಸ ಮನೆಯಲ್ಲಿ ಸಲ್ಲಬೇಕಾದ ಹಕ್ಕುಗಳನ್ನು ಹತ್ತು ಜನರ ಮುಂದೆ ಬಾಯಿಬಿಟ್ಟು ಹೇಳಿ ಒಪ್ಪಿಸುವರು. ಇದಕ್ಕೆ ಸಮ್ಮಂಧವೆಂದು ಹೆಸರು. ೧೯೫೨ರಲ್ಲಿ ಅಚ್ಚಾದ ತಮ್ಮ ಗ್ರಂಥದಲ್ಲಿ ಎಂ. ಎನ್. ಶ್ರೀನಿವಾಸರು ಒಕ್ಕದ ವಿಚಾರವನ್ನೂ ಅರುವನ ವಿಚಾರವನ್ನೂ ವಿಸ್ತಾರವಾಗಿ ಬರೆದಿರುವರು. ಇಂಥ ಆಚಾರಗಳೂ ಹಾಡುಗಳೂ ಬಾಯಿಂದ ಬಾಯಿಗೆ ಮಾತ್ರವೇ ಉಳಿದರೆ ಅಳಿದುಹೋಗುವುವೆಂದು ತಿಳಿದ ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ತಿರುಗಿ ಅವನ್ನು ಕೂಡಿಹಾಕಿ, ೧೯೨೪ರಲ್ಲಿ ‘ಪಟ್ಟೋಲೆ ಪಳಮೆ’ ಎಂಬ ಗ್ರಂಥವನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದರು. ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ, ಚಿಣ್ಣಪ್ಪ ದಂಪತಿಗಳು ಅದನ್ನು ೨೦೦೩ರಲ್ಲಿ ಇಂಗ್ಲಿಷಿಗೆ ತಂದುದಲ್ಲದೆ, ನೂರಾರು ಐನ್‌ಮನೆಗಳಿಗೆ ತಾವೇ ಹೋಗಿ ಅವುಗಳ ವಿವರಗಳನ್ನು ಬರೆದಿಟ್ಟರು.

ನಮ್ಮ ಅರುವರ ಮನೆ ಎರಡು ಮೈಲಿ ದೂರ. ಅಲ್ಲಿಯ ಹಿರಿಯರು ನಮ್ಮ ಪ್ರಶ್ನೆಯನ್ನು ಕೇಳಿ ನಕ್ಕರು. “ಆ ಮದುವೆಯ ಮಾತು ನಮ್ಮ ಮನೆಯಲ್ಲಿ ಈಗಲೂ ಇದೆ. ಏಕೆಂದರೆ ಅಂದು ನಾವು ಹೆಣ್ಣನ್ನು ಕಳುಹಿಸಲಿಲ್ಲ, ಗಂಡನ್ನು ಕರೆಸಿಕೊಂಡೆವು,” ಎಂದರು. ಇದೇ ಮಕ್ಕ ಪರಿಜೆ. ಗಂಡುಮಕ್ಕಳಿಲ್ಲದ ಮನೆಯ ಹೆಸರು ನಿಲ್ಲಬೇಕಾದಾಗ, ಅಳಿಯನು ಹೆಂಡತಿಯ ಮನೆಗೆ ಬಂದು, ಹುಟ್ಟಿದ ಮಕ್ಕಳು ತಾಯಿಯ ಒಕ್ಕಕ್ಕೆ ಸೇರುವ ಕಟ್ಟಳೆ. ಅದು ಎಲ್ಲರೂ ಒಪ್ಪಿದ ಹಳೆಯ ಪದ್ಧತಿ. ಅದರಲ್ಲಿ ಮುಚ್ಚಿಡುವಂಥದೇನೂ ಇಲ್ಲ.

ಸಂಜೆ ಉಪಾಧ್ಯಾಯರೇ ನಮ್ಮನ್ನು ತಮ್ಮ ಸೋದರತ್ತೆಯ ಬಳಿಗೆ ಕರೆದೊಯ್ದರು. ಆಕೆ ಕೆಳಗಿನ ಮನೆಯಲ್ಲಿ ಹುಟ್ಟಿ ಬೇರೊಂದು ಒಕ್ಕಕ್ಕೆ ಮದುವೆಯಾಗಿ ಹೋದವರು, ತೊಂಬತ್ತು ವರ್ಷ. ಕೊಡವ ಭಾಷೆಯಲ್ಲಿ ಅಜ್ಜಿಯನ್ನು ‘ತಾಯಿ’ ಎಂದು ಕರೆಯುವರು. ನಾವೂ ಹಾಗೆಯೇ ಕರೆದೆವು. ಬೆಲ್ಲದ ಕಾಫಿಯನ್ನು ಕೊಡಿಸಿ, ನಾವು ಕುಡಿದು ಮುಗಿಸುವ ತನಕ ಒಂದು ಮಾತನ್ನೂ ಆಡದೆ ಕುಳಿತಿದ್ದು, ಆಮೇಲೆ ಕೇಳಿದರು:

“ಕಾಗದ ನೋಡಿ ಬಂದಿರೋ?”

“ನೋಡಿದೆವು, ತಾಯಿ.”

“ಅದರಲ್ಲಿ ಅವಳ ಹೆಸರು ಇದೆಯೋ?”

“ಇಲ್ಲ.”

“ಇರುವುದಿಲ್ಲ. ಅದಕ್ಕೇ ನನಗಿಟ್ಟರು.”

ತಮ್ಮ ತಂದೆ ತನ್ನ ಅಜ್ಜಿಯ ಹೆಸರನ್ನು ತಮಗಿಟ್ಟುದನ್ನೂ, ಆ ಅಜ್ಜಿ ತಂದೆಗೆ ಒಬ್ಬಳೇ ಮಗಳಾಗಿದ್ದುದನ್ನೂ, ತೊರೆಯ ಆಚೆ ಮನೆ ಕಟ್ಟಿಸಿಕೊಟ್ಟುದನ್ನೂ ಆಕೆ ನಿಧಾನವಾಗಿ ಹೇಳಿದರು. ರಸೀದಿಯಲ್ಲಿ ನಾವು ಕಂಡ ಹುಡುಗನ ಹೆಸರನ್ನು ನಾವು ಹೇಳುವುದಕ್ಕೆ ಮುಂಚೆಯೇ ಆಕೆ ಹೇಳಿದರು. ಅವನು ಆ ಒಬ್ಬಳೇ ಮಗಳ ಮಗ. ಕಾಗದ, ಅರುವ, ತಾಯಿ — ಮೂವರ ಸಾಕ್ಷಿಯೂ ಒಂದಾಯಿತು.

ಆದರೆ ಪುಸ್ತಕದಲ್ಲಿದ್ದ ಆ ಎರಡು ಮಾತುಗಳಿಗೆ ಏನೆನ್ನುವುದು? ‘ಸಂತಾನವಿಲ್ಲ’ವೆಂದು ಬರೆದವರು ನಮ್ಮ ಅಜ್ಜನವರು. ತಮ್ಮ ದೊಡ್ಡಪ್ಪನಿಗೆ ಮಗಳಿದ್ದುದು ಅವರಿಗೆ ತಿಳಿಯದೆ? ಆ ಮಗಳ ಮಕ್ಕಳೊಡನೆಯೇ ಅವರು ಆಡಿ ಬೆಳೆದವರಲ್ಲವೆ? ಬೇಕೆಂದೇ ಹಾಗೆ ಬರೆದರೋ? ಅಜ್ಜನವರ ಮೇಲೆ ನಮಗೆ ಬಹಳ ಪ್ರೀತಿ. ಆ ರಾತ್ರಿ ದೀಪದ ಕೆಳಗೆ ಪುಸ್ತಕವನ್ನು ತೆರೆದಾಗ ನಮ್ಮ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ಪುಟಗಳನ್ನು ತಿರುವುತ್ತ ತಿರುವುತ್ತ ಅವರ ಸ್ವಂತ ಹೆಸರಿನ ಬಳಿಗೆ ಬಂದೆವು. ಅವರ ಕೆಳಗೆ ಒಂದೇ ಗೆರೆ. ಗೆರೆಯ ಕೊನೆಯಲ್ಲಿ ನಮ್ಮ ತಂದೆಯವರ ಹೆಸರು. ಅಷ್ಟೇ.

ನಮಗೆ ಮೂವರು ಅತ್ತೆಯಂದಿರಿದ್ದರು. ನಾವು ಅವರ ತೊಡೆಯ ಮೇಲೆ ಆಡಿ ಬೆಳೆದವರು. ಅಜ್ಜನವರು ತಮ್ಮ ಕೊನೆಯ ಕಾಯಿಲೆಯಲ್ಲಿ ಹೆಸರು ಹಿಡಿದು ಕರೆದುದು ಅವರನ್ನೇ. ಆದರೂ ಪುಸ್ತಕದಲ್ಲಿ ಅವರಿಲ್ಲ. ಇಷ್ಟು ವರ್ಷ ಆ ಪುಟವನ್ನು ಎಷ್ಟೋ ಸಲ ನೋಡಿದ್ದರೂ ಈ ಕೊರತೆ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲವೆಂದು ಒಪ್ಪಿಕೊಳ್ಳಲು ನಾಚಿಕೆಯಾಗುವುದು. ಅಜ್ಜನವರಲ್ಲಿ ದ್ವೇಷವಿರಲಿಲ್ಲ. ಅವರ ಕಾಲದ ಬರವಣಿಗೆಯಲ್ಲಿ ಸಂತಾನವೆಂದರೆ ಗಂಡುಸಂತಾನ. ಕೆಳಗಿನ ಮನೆಯವರು ಯಾರೆಂಬುದು ಅಂದು ಇಡೀ ಊರಿಗೇ ತಿಳಿದಿದ್ದುದರಿಂದ ಅದನ್ನು ಬರೆಯಬೇಕೆಂದು ಅವರಿಗೆ ತೋರಲಿಲ್ಲ. ತಿಳಿದವರೆಲ್ಲ ತೀರಿಹೋದ ಮೇಲೆ ಪುಸ್ತಕವೊಂದೇ ಉಳಿಯಿತು, ಬರೆಯದೆ
ಬಿಟ್ಟುದು ಇಲ್ಲವೆಂಬುದಕ್ಕೆ ಸಾಕ್ಷಿಯಾಗಿ ನಿಂತಿತು. ಎಲ್ಲರಿಗೂ ಗೊತ್ತಿರುವ ಸಂಗತಿಯೇ ಮೊದಲು ಮರೆತುಹೋಗುವುದೆಂಬುದನ್ನು ನಾವು ಅಂದು ಕಲಿತೆವು.

ಬೆಳಗಾದ ಮೇಲೆ ಆ ಪುಟವನ್ನು ಅಣ್ಣನವರಿಗೂ ಉಪಾಧ್ಯಾಯರಿಗೂ ತೋರಿಸಿ, “ನಮ್ಮ ಅಜ್ಜನವರ ಲೆಕ್ಕದಂತೆ ನಮ್ಮ ಅತ್ತೆಯಂದಿರೂ ಹುಟ್ಟಲೇ ಇಲ್ಲ, ತಪ್ಪು ನಮ್ಮ ಕವಲಿನದು, ತಿದ್ದುವ ಹಕ್ಕೂ ನಮ್ಮದೇ,” ಎಂದೆವು. ಉಪಾಧ್ಯಾಯರು ಬಹಳ ಹೊತ್ತು ಆ ಅಕ್ಷರಗಳನ್ನು ನೋಡಿದರು. “ಹಳೆಯದನ್ನು ಹೊಡೆದುಹಾಕಬೇಡಿ, ಅದೂ ನಮ್ಮ ಹಿರಿಯರ ಕೈಬರಹವೇ. ಪಕ್ಕದಲ್ಲಿ ಬರೆಯಿರಿ,” ಎಂದರು. ಅಣ್ಣನವರು ಲೇಖನಿಯನ್ನು ಅವರ ಕೈಗೇ ಕೊಟ್ಟರು. ‘ಸಂತಾನವಿಲ್ಲ’ವೆಂಬುದರ ಪಕ್ಕದಲ್ಲಿ ಈಗ ಒಂದು ಹೆಣ್ಣಿನ ಹೆಸರಿದೆ, ಅದರಿಂದ ಹೊರಟ ಗೆರೆ ಕೊನೆಯ ಪುಟದ ‘ಕೆಳಗಿನ ಮನೆ’ಯನ್ನು ಮುಟ್ಟುವುದು. ಅಜ್ಜನವರ ಹೆಸರಿನ ಕೆಳಗೆ ಮೂವರು ಅತ್ತೆಯಂದಿರ ಹೆಸರುಗಳನ್ನು ನಾವು ಬರೆದೆವು. ಅಚ್ಚಾಗುವ ಪುಸ್ತಕದಲ್ಲಿ ಎಲ್ಲ ಕವಲುಗಳ ಹೆಣ್ಣುಮಕ್ಕಳನ್ನೂ, ಸೊಸೆಯರ ತಾಮನೆಗಳನ್ನೂ ಸೇರಿಸುವುದೆಂದು ಹಿರಿಯರು ಒಪ್ಪಿದರು. ಅದರಿಂದ ಪುಸ್ತಕ ತಡವಾಗುವುದು ನಿಜ. ಆದರೆ ಹಿರಿಯರಿಗೆ ಅವಸರವಿಲ್ಲ.

ಇಂದಿನ ಕಾಲದಲ್ಲಿ ಒಕ್ಕಗಳು ಕೂಡಿಬರಲು ಹೊಸ ದಾರಿಗಳೂ ಹುಟ್ಟಿವೆ. ೧೯೯೭ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಒಕ್ಕ ಒಕ್ಕಗಳ ನಡುವೆ ಹಾಕಿ ಪಂದ್ಯವನ್ನು ಆರಂಭಿಸಿದಾಗ ೬೦ ತಂಡಗಳು ಬಂದಿದ್ದವು. ಅಲ್ಲಿಂದೀಚೆಗೆ ಅದು ನೂರಾರು ಒಕ್ಕಗಳ ಹಬ್ಬವಾಗಿ ಬೆಳೆದಿದೆ. ದೂರದ ಊರುಗಳಿಂದ ಆಡಲು ಬಂದ ಹುಡುಗರು ತಮ್ಮ ದಾಯಾದಿಗಳನ್ನು ಮೈದಾನದಲ್ಲಿ ಗುರುತಿಸಿಕೊಳ್ಳುವುದುಂಟು. ಇದು ಸಂತೋಷದ ವಿಷಯ. ಆದರೂ ವಾಚಕರಲ್ಲಿ ನಮ್ಮ ವಿಜ್ಞಾಪನೆ ಒಂದುಂಟು. ನಿಮ್ಮ ಮನೆಯಲ್ಲಿ ವಂಶಾವಳಿಯಿದ್ದರೆ ಇಂದು ಸಂಜೆಯೇ ಅದನ್ನು ತೆಗೆದು, ಅದರಲ್ಲಿ ಯಾರಿರುವರೆಂದು ನೋಡುವುದಕ್ಕೆ ಮೊದಲು ಯಾರಿಲ್ಲವೆಂದು ನೋಡಿರಿ. ಮದುವೆಯಾಗಿ ಹೋದ ಅತ್ತೆಯಂದಿರನ್ನೂ ಅಜ್ಜಿಯರನ್ನೂ ಕೇಳಿ ಬರೆದುಕೊಳ್ಳಿರಿ. ಕಾಗದಗಳು ಇನ್ನೂ ಕೆಲವು ಕಾಲ ಕಾದಾವು, ಅವರು ಕಾಯಲಾರರು.

ಊರಿಗೆ ಹೊರಡುವ ಮುನ್ನ ನಾವು ತಲಕಾವೇರಿಗೂ ಹೋಗಿಬಂದೆವು. ಸಂಕ್ರಮಣದ ಜನಸಂದಣಿ ಇನ್ನೂ ಸೇರಿರಲಿಲ್ಲ. ಕುಂಡಿಕೆ ಬಹಳ ಚಿಕ್ಕದು. ಅಲ್ಲಿಂದ ಹೊರಟ ನೀರು ಕಣ್ಣಿಗೆ ಕಾಣದೆ ನೆಲದೊಳಗೇ ಹರಿದು ಕೆಳಗೆ ಮತ್ತೆಲ್ಲಿಯೋ ಮೇಲೆ ಬರುವುದೆನ್ನುವರು. ಭಾಗಮಂಡಲದಲ್ಲಿ ಕನ್ನಿಕೆ, ಸುಜ್ಯೋತಿಗಳು ಕೂಡಿಕೊಂಡ ಮೇಲೆ ಅದೇ ನೀರು ಹೊಳೆಯಾಗಿ ಕಾಣುವುದು. ಆ ಪುತ್ತರಿಗೆ ಐನ್‌ಮನೆಯಲ್ಲಿ ಒಂದೇ ದೀಪ ಹೊತ್ತಿತೆಂದು ಅಣ್ಣನವರು ಅನಂತರ ಕಾಗದ ಬರೆದರು. ದೀಪಕ್ಕೆ ಬತ್ತಿ ಹಾಕಿದವರು, ಮೊಮ್ಮಕ್ಕಳ ಕೈ ಹಿಡಿದು ಓಣಿಯನ್ನು ಹತ್ತಿಬಂದ ಆ ತೊಂಬತ್ತು ವರ್ಷದ ತಾಯಿ.